ರಾಮಗಡದ ಮೇಲೆ ಜನ ಇದ್ದಾರಾ ಅಂತ ಕೇಳಿದ್ದಿರಿ

ಇದ್ದಾರೆ. ಬಳ್ಳಾರಿ ಜಿಲ್ಲೆಯ ಸಂಡೂರಿನವರು ರಾಮಗಡ ಅನ್ನುವುದೂ ನೀವು ಬರೆದ ರಾಮನದುರ್ಗವೂ ಒಂದೇ. ಸುಮಾರು 3,200 ಅಡಿ ಎತ್ತರದ ಗುಡ್ಡದ ನೆತ್ತಿ. 1840ರ ದಶಕದಲ್ಲಿ ಬಳ್ಳಾರಿ ದಂಡಿನ ಇಂಗ್ಲಿಷ್ ಸಿಪಾಯಿಗಳು ಕಾಯಿಲೆ ಬಿದ್ದರೆ ಸುಧಾರಿಸಿಕೊಳ್ಳಲಿ ಅಂತ ಸಂಡೂರು ರಾಜರ ಒಪ್ಪಿಗೆ ಪಡೆದು ಅಲ್ಲಿ ಬಂಗಲೆ ಕಟ್ಟಿದರು. ಬಳ್ಳಾರಿ ಬಿಸಿಲು ಗೊತ್ತಲ್ಲ, ಅವರದೂ ತಪ್ಪಲ್ಲ ಬಿಡಿ. ಈಗ ಉಳಿದಿರುವುದು ಗೋಡೆಗಳಷ್ಟೇ. ನಾನು ಹೋದಾಗ ಒಂದರ ಮೇಲೆ ಮೇಕೆ ನಿಂತು ಸುಮ್ನೆ ನನ್ನನ್ನೇ ನೋಡುತ್ತಿತ್ತು.

ಊರು ಚಿಕ್ಕದು. ಬಸ್ಸು ನಂಬಿಕೊಂಡು ಹೋಗಬೇಡಿ, ಸಂಡೂರಿನಲ್ಲೇ ವಿಚಾರಿಸಿ. ತಿನ್ನೋಕೆ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಹೋಗಿ, ನೀರೂ ಜಾಸ್ತಿ ಇರಲಿ. ಮಳೆ ಎಷ್ಟು ಸುರಿದರೂ ಗುಡ್ಡದ ತುದಿಯಲ್ಲಿ ನಿಲ್ಲುವುದಿಲ್ಲ, ಕೆಳಗೆ ಹರಿದುಹೋಗುತ್ತದೆ. ಅಲ್ಲೊಬ್ಬ ಅಜ್ಜಿ ನನಗೆ ಚಹಾ ಕೊಡುವ ಮೊದಲು ನೀರಿನ ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೋರಿಸಿದರು. ಬಟ್ಟೆ ಪೂರ್ತಿ ಕೆಂಪು. ಅದಿರಿನ ಧೂಳು! ಸುತ್ತ ಕಬ್ಬಿಣದ ಗಣಿ ಇವೆಯಲ್ವಾ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಧೂಳು ಇಳಿಯಿತು, ಜೊತೆಗೆ ಎಷ್ಟೋ ಮನೆಗಳ ಕೂಲಿಯೂ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಆದ್ದರಿಂದ 'ಗಣಿ ಬೇಕಾ ಬೇಡ್ವಾ' ಅಂತ ಅಲ್ಲಿ ಯಾರನ್ನೂ ಒಂದೇ ಮಾತಿನಲ್ಲಿ ಕೇಳಬೇಡಿ.

ಆಗಸ್ಟ್-ಸೆಪ್ಟೆಂಬರ್ ಒಳ್ಳೆಯದು, ಮಂಜು ಇರುತ್ತದೆ. ಬಿಳಿ ಕಾಲುಚೀಲ ಮಾತ್ರ ಹಾಕಬೇಡಿ. ನನ್ನದು ಇನ್ನೂ ಕೆಂಪಗೇ ಇದೆ.