ಮಾತ್ರೆ ಬಿಟ್ಟ ಐದು ತಿಂಗಳು, ಕೈಯಲ್ಲೊಂದು ರಿಪೋರ್ಟ್

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ರಮೇಶ್ ಅಂತ ಇಟ್ಟುಕೊಳ್ಳೋಣ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೋಡಿಂಗ್ ಕೆಲಸ, ಊರಲ್ಲಿ ಸ್ವಲ್ಪ ತೋಟ. ಆರು ವರ್ಷ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪದೆ ನುಂಗಿದವರು, ಐದು ತಿಂಗಳಿಂದ ಬಿಟ್ಟಿದ್ದರು. ಯಾಕೆ ಅಂತ ಕೇಳಿದೆ. "ನಿಮ್ಮ ಸೆಂಟರ್ ಬಾಗಿಲ ಹತ್ರ ನಮ್ಮೂರಿನವರೊಬ್ಬರು ನೋಡಿಬಿಟ್ರು ಮೇಡಂ." ಆಮೇಲೆ ಅವರು ಈ ಕಡೆ ತಲೆ ಹಾಕಿರಲಿಲ್ಲ.

ಈಗ ಬಂದಿದ್ದು ರಿಪೋರ್ಟ್ ತೋರಿಸೋಕೆ. ದುಡ್ಡು ಕೊಟ್ಟು ಖಾಸಗಿಯಾಗಿ ಔಷಧ ಪ್ರತಿರೋಧ ಪರೀಕ್ಷೆ, ಅಂದರೆ ವೈರಸ್ ಮಾತ್ರೆಗೆ ಜಗ್ಗದಂತಾಗಿದೆಯೇ ಅಂತ ನೋಡುವ ಪರೀಕ್ಷೆ ಮಾಡಿಸಿದ್ದರು. ಪ್ರತಿರೋಧ ಕಂಡಿಲ್ಲ ಅಂತ ಬಂದಿತ್ತು. "ಬಿಟ್ರೂ ಏನೂ ಆಗಿಲ್ಲ ನೋಡಿ. ಸೀಸನ್ ಮುಗಿದ ಮೇಲೆ ಶುರು ಮಾಡ್ತೀನಿ."

ನನಗೆ ಭಯವಾಗಿದ್ದು ಈ ಮಾತಿಗೆ.

"ತೋಟಕ್ಕೆ ಔಷಧಿ ಹೊಡೆದಾಗ ಅದಕ್ಕೂ ಜಗ್ಗದ ಹುಳ ಉಳ್ಕೊಳ್ಳುತ್ತೆ ಅಲ್ವಾ?" ಅಂದೆ. "ಹೊಡೆಯೋದು ನಿಲ್ಲಿಸಿದರೆ ಮಾಮೂಲಿ ಹುಳವೇ ತುಂಬ್ಕೊಳ್ಳುತ್ತೆ. ಜಗ್ಗದ್ದು ಅದರ ನಡುವೆ ಕಾಣಲ್ಲ." ವೈರಸ್ಸೂ ಹಾಗೇ. ನೂರರಲ್ಲಿ ಸುಮಾರು 20ಕ್ಕಿಂತ ಕಡಿಮೆ ಇರುವ ಬಗೆಯನ್ನು ಸಾಮಾನ್ಯ ಪರೀಕ್ಷೆ ಹಿಡಿಯುವುದು ಕಷ್ಟ. ಜೀವಕೋಶಗಳಲ್ಲಿ ಅಡಗಿದ್ದು ಮಾತ್ರೆ ಶುರುವಾದಾಗ ಮತ್ತೆ ಮೇಲೇಳಬಹುದು. ಅದಕ್ಕೇ ಈ ಪರೀಕ್ಷೆಯನ್ನು ಮಾತ್ರೆ ತಗೊಳ್ತಿರುವಾಗ, ಇಲ್ಲವೇ ಬಿಟ್ಟ ನಾಲ್ಕು ವಾರದೊಳಗೆ ಮಾಡಿಸಬೇಕು.

"ಹಾಗಾದ್ರೆ ದುಡ್ಡು ದಂಡಾನಾ?"

ಪೂರ್ತಿ ಅಲ್ಲ. ಪ್ರತಿರೋಧ ಇದೆ ಅಂತ ಬಂದಿದ್ದರೆ ನಂಬಬೇಕಿತ್ತು. ಇಲ್ಲ ಅಂತ ಬಂದಿದ್ದನ್ನು, ಅದೂ ಐದು ತಿಂಗಳ ಮೇಲೆ, ನೆಚ್ಚಿಕೊಳ್ಳೋಕಾಗಲ್ಲ.

ಬೈಯಲಿಲ್ಲ. ಬೈದರೆ ಮತ್ತೆ ಬರಲ್ಲ. ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದೆ. ರೋಗನಿರೋಧಕ ಶಕ್ತಿ ಎಷ್ಟಿದೆ ಅಂತ ತಿಳಿಸುವ ಸಿಡಿ4 ಪರೀಕ್ಷೆಗೆ ಬರೆದು, ಕೆಮ್ಮು ಜ್ವರ ವಿಚಾರಿಸಿ, ಅವರು ಮೂರು ಔಷಧ ಸೇರಿದ ಹಳೇ ಟಿಎಲ್‌ಡಿ ಮಾತ್ರೆಯನ್ನೇ ಮತ್ತೆ ಶುರು ಮಾಡಿದರು. ದಿನಾ ಒಂದು. ಕೆಲವು ತಿಂಗಳು ತಪ್ಪದೆ ನುಂಗಿದ ಮೇಲೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ, ನೋಡಬೇಕು. ಅದು ಮಿಲಿಲೀಟರಿಗೆ ಮತ್ತೆ ಮತ್ತೆ 1000 ದಾಟಿದರೆ ಆಗ ಪ್ರತಿರೋಧ ಪರೀಕ್ಷೆ. ಅದಕ್ಕೆ ಅಂತ ಮಾತ್ರೆ ನಿಲ್ಲಿಸಬಾರದು.

ಹೆಂಡತಿಗೆ ಸೋಂಕಿಲ್ಲ. ಮಾತ್ರೆ ಬಿಟ್ಟಾಗ ವೈರಸ್ ಏರಿರುತ್ತೆ, ಕಾಂಡೋಮ್ ಬೇಕೇ ಬೇಕು, ಅವರಿಗೂ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಅಂದೆ.

ನಿಜವಾದ ತೊಂದರೆ ಆ ಬಾಗಿಲು. ಫೈಲನ್ನು ಚಿಕ್ಕಬಳ್ಳಾಪುರದ ಸೆಂಟರಿಗೆ ವರ್ಗ ಮಾಡಿಸಬಹುದು, ನಿಮ್ಮ ವಿಷಯ ಗುಟ್ಟಾಗಿಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಇದೆ ಅಂತ ಹೇಳಿದೆ. ತುಂಬಾ ಹೊತ್ತು ಸುಮ್ನೆ ಕೂತರು.

"ಇಲ್ಲೇ ಬರ್ತೀನಿ. ಮಂಡಿ ಮುಗಿಸಿ, ಮಧ್ಯಾಹ್ನ, ಜನ ಕಮ್ಮಿ ಇದ್ದಾಗ." ಜೇಬಲ್ಲಿ ಡಬ್ಬಿ ಸದ್ದು ಮಾಡುತ್ತೆ ಅಂದರು. ಒಳಗೆ ಹತ್ತಿ ತುಂಬಿ ಕೊಟ್ಟೆ.