ಆ ಕುಡುಕನಿಗೆ ಅಷ್ಟು ಜಾಗ ಯಾಕೆ?

ಶಿರಸಿಯ ಓದುಗರೊಬ್ಬರ ಪತ್ರದ ಸಾರ: ಬ್ರಾಂಟೆ ಸೋದರಿಯರ ಮೇಲಿನ ಬಿಬಿಸಿ ಚಿತ್ರ ‘ಟು ವಾಕ್ ಇನ್‌ವಿಸಿಬಲ್’ ನೋಡಿದೆ. ಲೇಖಕಿಯರ ಕಥೆಯೆಂದು ಕೂತರೆ ಕುಡುಕ ಅಣ್ಣನ ರಂಪವೇ ಹೆಚ್ಚು. ಮೂವರಲ್ಲಿ ಯಾರು ಯಾರೆಂದು ಗೊತ್ತಾಗುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಮಾತು ಹಿಡಿಯುವುದಿಲ್ಲ, ಎಲ್ಲ ಕತ್ತಲು. ಜುಲೈಯಲ್ಲಿ ನಮ್ಮ ಓದುಗ ಬಳಗಕ್ಕೆ ತೋರಿಸಬಹುದೆ? ಇದರಲ್ಲಿ ನಿಜವೆಷ್ಟು?

ಸಂಪಾದಕರ ಉತ್ತರ:

ತೋರಿಸಿ. ಆದರೆ ಆ ರಂಪವನ್ನು ಸಹಿಸಿಕೊಂಡು ನೋಡುವುದಲ್ಲ, ಅದರ ಮೇಲೇ ಕಣ್ಣಿಡಬೇಕು ಎಂದು ಬಳಗಕ್ಕೆ ಮೊದಲೇ ಹೇಳಿಬಿಡಿ.

ಸಣ್ಣ ತಿದ್ದುಪಡಿಯೊಂದಿದೆ. ಆ ಕುಡುಕ ಬ್ರಾನ್ವೆಲ್ ಮೂವರಿಗೂ ಅಣ್ಣನಲ್ಲ, ಷಾರ್ಲೆಟ್‌ಗೆ ತಮ್ಮ. ಷಾರ್ಲೆಟ್ ಹುಟ್ಟಿದ್ದು 1816ರಲ್ಲಿ, ಅವನು 1817ರಲ್ಲಿ, ಎಮಿಲಿ 1818ರಲ್ಲಿ, ಆನ್ 1820ರಲ್ಲಿ. ಮನೆಗೆ ಅವನೊಬ್ಬನೇ ಗಂಡು. ಕಥೆಯ ಗಂಟು ಇರುವುದು ಅಲ್ಲೇ. ತಂದೆ ಪ್ಯಾಟ್ರಿಕ್ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಾವರ್ತ್ ಊರಿನ ಪಾದ್ರಿ. ತಲೆ ಮೇಲಿನ ಸೂರು ಚರ್ಚಿನದು. ಅವರು ಕಣ್ಣುಮುಚ್ಚಿದರೆ ಮಕ್ಕಳು ಮನೆ ಖಾಲಿ ಮಾಡಬೇಕು. ಚಿತ್ರ ಶುರುವಾಗುವ 1845ರಲ್ಲಿ ಅವರಿಗೆ 68 ವರ್ಷ, ಕಣ್ಣಿಗೆ ಪೊರೆ. ಅದೇ ಜುಲೈಯಲ್ಲಿ ಮಗ ಥಾರ್ಪ್ ಗ್ರೀನ್‌ನ ಮನೆಪಾಠದ ಕೆಲಸ ಕಳೆದುಕೊಂಡು ಬರುತ್ತಾನೆ; ಯಜಮಾನನ ಹೆಂಡತಿಯೊಡನೆ ಸಂಬಂಧವಿತ್ತೆಂಬುದು ಕಾರಣ. ಮನೆ ನಡೆಸಬೇಕಾದವನೇ ಹೀಗಾದ ಮೇಲೆ ಹೆಣ್ಣುಮಕ್ಕಳಿಗೆ ಉಳಿದದ್ದೇನು? ಉಳ್ಳವರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಚಾಕರಿ. 1841ರಲ್ಲಿ ಷಾರ್ಲೆಟ್‌ಗೆ ವರ್ಷಕ್ಕೆ 20 ಪೌಂಡ್ ಸಂಬಳ, ಅದರಲ್ಲೂ ಬಟ್ಟೆ ಒಗೆತಕ್ಕೆ 4 ಪೌಂಡ್ ಮುರಿತ. ಮನೆಯಲ್ಲೇ ಶಾಲೆ ತೆರೆಯೋಣವೆಂದು 1844ರಲ್ಲಿ ಕರಪತ್ರ ಅಚ್ಚು ಹಾಕಿಸಿದರು. ಒಬ್ಬ ಹುಡುಗಿಯೂ ಸೇರಲಿಲ್ಲ. ಮರುವರ್ಷದಿಂದ ಮನೆಯಲ್ಲಿ ಕುಡುಕನೊಬ್ಬ ಇದ್ದಮೇಲೆ ಯಾರು ತಾನೇ ಮಗಳನ್ನು ಕಳಿಸಿಯಾರು? ಉಳಿದದ್ದು ಪುಸ್ತಕ. ಬ್ರಾನ್ವೆಲ್ ಕಥೆಗೆ ಅಡ್ಡ ಬಂದವನಲ್ಲ, ಕಥೆಯನ್ನು ಹಿಂದಿನಿಂದ ದೂಡುತ್ತಿರುವವನು.

ಹಾಗಾಗಿ ಹೀದರ್ ಹೂವಿನ ಬೋಳುಗುಡ್ಡಗಳಿಗೆ ಮರುಳಾಗದೆ ದುಡ್ಡಿನ ಮಾತು ಬಂದಲ್ಲೆಲ್ಲ ಕಿವಿ ನಿಮಿರಿಸಿ. (ನಿಮ್ಮ ದೇವಿಮನೆ ಘಟ್ಟದ ಕಾಡನ್ನಂತೂ ನೆನೆಯಬೇಡಿ, ಹಾವರ್ತ್‌ನ ಗುಡ್ಡಗಳಲ್ಲಿ ಕಾಡಿಲ್ಲ, ಬರೀ ಗಾಳಿ, ಹುಲ್ಲು.) 1846ರ ಕವನ ಸಂಕಲನ ಅಚ್ಚು ಹಾಕಿಸಲು ಸೋದರಿಯರು 31 ಪೌಂಡ್ 10 ಶಿಲಿಂಗ್ ಕೊಟ್ಟರು. ತೀರಿಹೋದ ದೊಡ್ಡಮ್ಮ ಬಿಟ್ಟುಹೋದ ಹಣವದು. ವರ್ಷವಾದರೂ ಖರ್ಚಾದದ್ದು ಎರಡು ಪ್ರತಿ. ಷಾರ್ಲೆಟ್‌ಳ ಮೊದಲ ಕಾದಂಬರಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆಯಿತು, ಹಳೆಯ ವಿಳಾಸಗಳನ್ನು ಗೀಟು ಹಾಕಿ ಹೊಡೆದ ಅದೇ ಹೊದಿಕೆಯಲ್ಲಿ. ಯಾರು ಯಾರು ತಿರಸ್ಕರಿಸಿದ್ದಾರೆಂಬುದನ್ನು ಮುಂದಿನವರು ಅಂಚೆ ಬಿಚ್ಚುವ ಮೊದಲೇ ಓದಿಕೊಳ್ಳಬಹುದಿತ್ತು! ಎಮಿಲಿ, ಆನ್ ತಮ್ಮ ಕಾದಂಬರಿಗಳಿಗಾಗಿ ನ್ಯೂಬಿ ಎಂಬ ಪ್ರಕಾಶಕನಿಗೆ 50 ಪೌಂಡ್ ಮುಂಗಡ ಕಟ್ಟಿದರು. 1847ರ ಅಕ್ಟೋಬರ್‌ನಲ್ಲಿ ಷಾರ್ಲೆಟ್‌ಳ ಇನ್ನೊಂದು ಕಾದಂಬರಿ ‘ಜೇನ್ ಏರ್’ ಹೊರಬಂದ ಮೇಲೆ ಲೆಕ್ಕವೇ ತಿರುಗಿತು: ಷಾರ್ಲೆಟ್‌ಗೆ ಒಟ್ಟು 500 ಪೌಂಡ್.

ಒಂದೇ ಮನೆಯಲ್ಲಿ ಇಬ್ಬರು ಮೂವರು ಬರೆಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ: ಹನೇಹಳ್ಳಿಯ ಗಂಗಾಧರ ಮತ್ತು ಯಶವಂತ ಚಿತ್ತಾಲ, ಗೋಕರ್ಣದ ಗೌರೀಶ ಮತ್ತು ಜಯಂತ ಕಾಯ್ಕಿಣಿ. ಬ್ರಾಂಟೆಗಳದು ಬೇರೆಯೇ ಪಾಡು. ಅವರು ಇಟ್ಟುಕೊಂಡ ಕರರ್, ಎಲಿಸ್, ಆಕ್ಟನ್ ಬೆಲ್ ಎಂಬ ಕಾವ್ಯನಾಮಗಳು ಗಂಡೋ ಹೆಣ್ಣೋ ತಿಳಿಯದಂಥವು. ಹೆಂಗಸರು ಬರೆದದ್ದೆಂದರೆ ವಿಮರ್ಶಕರು ಅದನ್ನು ತೂಗುವ ತಕ್ಕಡಿಯೇ ಬೇರೆ ಎಂಬ ಅಳುಕು ಅವರಿಗೆ. ನಮ್ಮ ಅನಸೂಯಾ ಶಂಕರ್ ‘ತ್ರಿವೇಣಿ’ಯಾದಾಗ ಹೆಸರು ಬದಲಾಯಿತು, ಹೆಣ್ಣೆಂಬುದು ಮರೆಯಾಗಲಿಲ್ಲ. ಸೋದರಿಯರು ಒಂದು ಸಾಲನ್ನಾದರೂ ಅಚ್ಚು ಹಾಕಿಸಿದ್ದರೆಂದು ಬ್ರಾನ್ವೆಲ್‌ಗೆ ಕೊನೆಯವರೆಗೂ ತಿಳಿದಿರಲಿಲ್ಲವೆಂದು ಷಾರ್ಲೆಟ್ ಅವನು ಸತ್ತ ಮೇಲೆ ಬರೆದಿದ್ದಾಳೆ. ಅಷ್ಟು ಪುಟ್ಟ ಮನೆಯಲ್ಲಿ! ಒಂದು ಕೋಣೆಯಲ್ಲಿ ಕೂಗಾಟ, ಇನ್ನೊಂದರಲ್ಲಿ ಪಿಸುಮಾತು; ನಿಮಗೆ ಬೇಸರ ತಂದ ಜಾಗಗಳನ್ನು ಈ ಗುಟ್ಟಿನ ಸಮೇತ ಇನ್ನೊಮ್ಮೆ ನೋಡಿ.

ನಿಜವೆಷ್ಟು? ಬಹುಪಾಲು ನಿಜ. 1848ರ ಜುಲೈಯಲ್ಲಿ ಷಾರ್ಲೆಟ್, ಆನ್ ರಾತ್ರಿ ರೈಲು ಹತ್ತಿ ಲಂಡನ್ನಿಗೆ ಹೋದದ್ದು ದಾಖಲಾದ ಘಟನೆ. ಮೂವರು ಬೆಲ್‌ಗಳೂ ಒಬ್ಬರೇ ಎಂದು ನ್ಯೂಬಿ ಹಬ್ಬಿಸಿದ್ದನ್ನು ಸುಳ್ಳಾಗಿಸಲು ಹೋದರು. ತನ್ನ ಗುಟ್ಟೂ ಹೊರಬಿತ್ತೆಂದು ಎಮಿಲಿ ಸಿಟ್ಟಾದದ್ದೂ ಸುಳ್ಳಲ್ಲ. ಬ್ರಾನ್ವೆಲ್‌ನ ಮಾತುಗಳನ್ನು ಮಾತ್ರ ನಂಬಬೇಡಿ. ಥಾರ್ಪ್ ಗ್ರೀನ್‌ನ ಆ ಯಜಮಾನಿ ತನ್ನನ್ನು ಮತ್ತೆ ಕಂಡರೆ ಗಂಡನ ಉಯಿಲಿನಿಂದಾಗಿ ಆಸ್ತಿ ಕಳೆದುಕೊಳ್ಳುತ್ತಾಳೆ ಎಂದು ಅವನು ಹೇಳಿಕೊಂಡ. ಉಯಿಲಿನಲ್ಲಿ ಅಂಥ ಷರತ್ತೇ ಇರಲಿಲ್ಲ. ಮನೆಯನ್ನು ಗುಡ್ಡದ ಮೇಲೆ ಹೊಸದಾಗಿ ಸೆಟ್ ಹಾಕಿ ಕಟ್ಟಿದ್ದಕ್ಕೂ ಅರ್ಥವಿದೆ. ನಿಜವಾದ ಮನೆಗೆ 1870ರ ದಶಕದಲ್ಲಿ ಪಕ್ಕದ ಭಾಗ ಸೇರಿತು, ಸ್ಮಶಾನದ ಮರಗಳನ್ನು ನೆಟ್ಟದ್ದು 1864ರಲ್ಲಿ.

ಗುರುತಿಗೆ: ಕನ್ನಡಕದ ಕುಳ್ಳಿ ಷಾರ್ಲೆಟ್. ಎತ್ತರದವಳು, ದೊಡ್ಡ ನಾಯಿಯವಳು ಎಮಿಲಿ. ಉಳಿದವಳು ಆನ್. ಇದಿಷ್ಟನ್ನೂ ಹುಟ್ಟಿದ ವರ್ಷಗಳ ಜೊತೆ ಒಂದು ಚೀಟಿಯಲ್ಲಿ ಬರೆದು ಎಲ್ಲರ ಕೈಗೂ ಕೊಡಿ. ಮೊದಲ ಅರ್ಧ ಗಂಟೆ ಉಳಿಯುತ್ತದೆ.

ಮಾತು ಹಿಡಿಯದ್ದಕ್ಕೆ ನಿಮ್ಮ ಇಂಗ್ಲಿಷ್ ಕಾರಣವಲ್ಲ. ಅದು ಯಾರ್ಕ್‌ಷೈರ್ ಆಡುಮಾತು. ಬೆಂಗಳೂರಿನವರನ್ನು ಹವ್ಯಕರ ಮದುವೆಮನೆಯಲ್ಲಿ ಕೂರಿಸಿದ ಹಾಗೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಲೇಬೇಕು. ಜುಲೈ ಎಂದರೆ ನಿಮ್ಮಲ್ಲಿ ಜಡಿಮಳೆ. ತಗಡಿನ ಮಾಡಿನ ಸಭಾಂಗಣವಾದರೆ ಪಿಸುಮಾತು ಒಂದೂ ಕೇಳದು. ಹೆಂಚಿನ ಅಥವಾ ತಾರಸಿ ಮನೆಯ ಜಗಲಿ ವಾಸಿ, ಟಿವಿಗೆ ಬೇರೆ ಸ್ಪೀಕರ್ ಜೋಡಿಸಿ. ಮೋಂಬತ್ತಿ ಬೆಳಕಿನ ಚಿತ್ರವಾದ್ದರಿಂದ ಬ್ರೈಟ್‌ನೆಸ್ ಏರಿಸಿದರೆ ಕಪ್ಪೆಲ್ಲ ಬೂದಿಯಾಗುತ್ತದೆ. ಅದರ ಬದಲು ಟಿವಿಯನ್ನು ‘ಮೂವಿ’ ಮೋಡಿಗೆ ಹಾಕಿ, ಕೋಣೆಯ ದೀಪ ಆರಿಸಿ, ಕಿಟಕಿಗೆ ಚಾದರ ಕಟ್ಟಿ. ಕರೆಂಟ್ ನಂಬಬೇಡಿ, ಎರಡು ಗಂಟೆ ಎಳೆಯುವ ಇನ್ವರ್ಟರ್ ಬೇಕು. ಬಿಡುವು ಕೊಡಲೇಬೇಕೆಂದರೆ ಕವನ ಪುಸ್ತಕ ಅಚ್ಚಾಗಿ ಬಂದ ಮೇಲೆ ಕೊಡಿ.

ಎಲ್ಲರೂ ಅಷ್ಟು ಬೇಗ ಸತ್ತದ್ದೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1848ರ ಸೆಪ್ಟೆಂಬರ್ 24ಕ್ಕೆ ಬ್ರಾನ್ವೆಲ್, ಡಿಸೆಂಬರ್ 19ಕ್ಕೆ ಎಮಿಲಿ, ಮರುವರ್ಷ ಮೇ 28ಕ್ಕೆ ಆನ್. ಮನೆಯೊಳಗೆ ಕ್ಷಯ, ಊರಿನ ನೀರೂ ಕೆಟ್ಟದ್ದೇ. 1850ರಲ್ಲಿ ಬ್ಯಾಬೇಜ್ ಎಂಬ ಅಧಿಕಾರಿ ಹಾವರ್ತ್‌ನ ನೀರು, ಚರಂಡಿ ಪರಿಶೀಲಿಸಿದಾಗ ಅಲ್ಲಿ ಸಾಯುವವರ ಸರಾಸರಿ ವಯಸ್ಸು 25.8 ಎಂದು ತಿಳಿಯಿತು. ಆರು ಮಕ್ಕಳ ತಂದೆ ಮಾತ್ರ ಎಲ್ಲರನ್ನೂ ಕಳೆದುಕೊಂಡು 1861ರವರೆಗೆ, 84 ವರ್ಷ ಬದುಕಿದರು.

ಕಥೆ ಮುಗಿಯಿತೆಂದು ಬೇಗ ಟಿವಿ ಆರಿಸಬೇಡಿ. ಕಡೆಯಲ್ಲಿ ಅದೇ ಮನೆ ಇಂದಿನ ವಸ್ತುಸಂಗ್ರಹಾಲಯವಾಗಿ, ಅದರ ಅಂಗಡಿಯೂ ಸೇರಿ ಕಾಣುತ್ತದೆ. ಕಷಾಯಕ್ಕೆ ಏಳುವವರು ಅದಾದ ಮೇಲೆ ಎದ್ದರೆ ಸಾಕು.