ಹಾಲುಹಲ್ಲಿನ ರಚನೆ ಶಾಶ್ವತ ಹಲ್ಲಿಗಿಂತ ಹೇಗೆ ಭಿನ್ನ?

ನಿಮ್ಮ 5 ವರ್ಷದ ಮಗುವಿನ ದವಡೆ ಹಲ್ಲಿನಲ್ಲಿ ಸಣ್ಣ ಹುಳುಕು ಕಂಡಿದೆ, ಹೇಗೂ ಬಿದ್ದುಹೋಗುವ ಈ ಹಲ್ಲಿಗೂ ಶಾಶ್ವತ ಹಲ್ಲಿಗೂ ರಚನೆಯಲ್ಲಿ ವ್ಯತ್ಯಾಸವಿದೆಯೇ ಎಂದು ಕೇಳಿದ್ದೀರಿ. ನಾನು ಮಕ್ಕಳ ದಂತವೈದ್ಯೆ. ವ್ಯತ್ಯಾಸ ಖಂಡಿತ ಇದೆ, ಮತ್ತು ಹಾಲುಹಲ್ಲಿನ ಹುಳುಕು ಅಷ್ಟು ಬೇಗ ಆಳಕ್ಕಿಳಿಯುವುದು ಆ ವ್ಯತ್ಯಾಸದಿಂದಲೇ.

ಹಾಲುಹಲ್ಲುಗಳು 20, ಶಾಶ್ವತ ಹಲ್ಲುಗಳು 32 ಎಂಬುದು ನಿಮಗೆ ಗೊತ್ತಿರಬಹುದು. ಅದಕ್ಕಿಂತ ಮುಖ್ಯವಾದದ್ದು ಪದರಗಳ ದಪ್ಪ. ಶಾಶ್ವತ ದವಡೆ ಹಲ್ಲಿನ ಮೇಲಿನ ಎನಾಮೆಲ್ ಸುಮಾರು 2ರಿಂದ 2.5 ಮಿ.ಮೀ. ದಪ್ಪವಿದ್ದರೆ, ಹಾಲುಹಲ್ಲಿನಲ್ಲಿ ಅದು ಹೆಚ್ಚೆಂದರೆ 1 ಮಿ.ಮೀ.ನಷ್ಟು. ಅದರ ಕೆಳಗಿನ ಡೆಂಟಿನ್ ಪದರವೂ ತೆಳುವಾಗಿದ್ದು, ನರ ಮತ್ತು ರಕ್ತನಾಳಗಳಿರುವ ತಿರುಳು ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದಾಗಿರುತ್ತದೆ. ಈ ತಿರುಳಿನ ಮೊನೆಗಳು, ಅದರಲ್ಲೂ ಮುಂಬದಿಯ ಮೊನೆ, ಮೇಲ್ಮೈಗೆ ಬಹಳ ಹತ್ತಿರಕ್ಕೆ ಚಾಚಿಕೊಂಡಿರುವುದರಿಂದ, ಹೊರಗೆ ಚುಕ್ಕೆಯಂತೆ ಕಾಣುವ ಹುಳುಕು ಒಳಗೆ ತಿರುಳಿನ ಅಂಚನ್ನು ಮುಟ್ಟಿರುವುದು ಅಪರೂಪವೇನಲ್ಲ. ಇದರ ಜೊತೆಗೆ, ಹಾಲಿನ ದವಡೆ ಹಲ್ಲುಗಳು ಒಂದಕ್ಕೊಂದು ಅಗಲವಾಗಿ, ಚಪ್ಪಟೆಯಾಗಿ ತಾಗಿಕೊಂಡಿರುತ್ತವೆ. ಆ ಸಂದಿಯಲ್ಲಿ ಶುರುವಾದ ಹುಳುಕು ಕಣ್ಣಿಗೆ ಬೀಳುವುದೇ ಇಲ್ಲ, ಎಕ್ಸ್-ರೇ ತೆಗೆದಾಗಷ್ಟೇ ತಿಳಿಯುತ್ತದೆ.

ಬೇರುಗಳ ವಿಷಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹಾಲಿನ ದವಡೆ ಹಲ್ಲಿನ ಬೇರುಗಳು ಸಪೂರವಾಗಿದ್ದು, ಚೆಂಡನ್ನು ಹಿಡಿದ ಬೆರಳುಗಳಂತೆ ಹೊರಕ್ಕೆ ಬಾಗಿರುತ್ತವೆ, ಏಕೆಂದರೆ ಅವುಗಳ ನಡುವೆಯೇ ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಮೊಳಕೆ ಬೆಳೆಯುತ್ತಿರುತ್ತದೆ. ಕಾಲಕ್ರಮೇಣ ದೇಹವೇ ಈ ಬೇರುಗಳನ್ನು ಕರಗಿಸುತ್ತದೆ. ಬಿದ್ದ ಹಾಲುಹಲ್ಲಿಗೆ ಬೇರೇ ಇಲ್ಲದಂತೆ ಕಾಣುವುದು ಇದರಿಂದಲೇ. ತಿರುಳಿನ ತಳದಿಂದ ಬೇರುಗಳು ಕವಲೊಡೆಯುವ ಜಾಗಕ್ಕೆ ಸೂಕ್ಷ್ಮ ನಾಳಗಳೂ ಇರುತ್ತವೆ. ಹೀಗಾಗಿ ಶಾಶ್ವತ ಹಲ್ಲಿನಲ್ಲಿ ಸೋಂಕು ಸಾಮಾನ್ಯವಾಗಿ ಬೇರಿನ ತುದಿಯಲ್ಲಿ ಕಾಣಿಸಿಕೊಂಡರೆ, ಹಾಲಿನ ದವಡೆ ಹಲ್ಲಿನಲ್ಲಿ ಅದು ಹೆಚ್ಚಾಗಿ ಕವಲಿನ ನಡುವೆ, ಅಂದರೆ ಹೊಸ ಹಲ್ಲಿನ ಮೊಳಕೆಯ ಪಕ್ಕದಲ್ಲೇ ಸೇರಿಕೊಳ್ಳುತ್ತದೆ. ಬಹಳ ಕಾಲ ಹಾಗೆಯೇ ಬಿಟ್ಟರೆ ಹೊಸ ಹಲ್ಲಿನ ಎನಾಮೆಲ್‌ನಲ್ಲಿ ಕಲೆಯೋ ಗುಳಿಯೋ ಉಳಿಯಬಹುದು.

ಹಾಲಿನ ದವಡೆ ಹಲ್ಲುಗಳು ಸಾಮಾನ್ಯವಾಗಿ ಬೀಳುವುದು 9ರಿಂದ 12 ವರ್ಷದ ನಡುವೆ. ಅಂದರೆ ನಿಮ್ಮ ಮಗು ಈ ಹಲ್ಲಿನಲ್ಲಿ ಇನ್ನೂ ನಾಲ್ಕಾರು ವರ್ಷ ಅಗಿಯಬೇಕಿದೆ. ಅವಧಿಗೆ ಮೊದಲೇ ಅದನ್ನು ಕಳೆದುಕೊಂಡರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ, ಹೊಸ ಹಲ್ಲಿಗೆ ಬೇಕಾದ ಜಾಗ ಕಿರಿದಾಗುತ್ತದೆ. ಆದ್ದರಿಂದ ಹುಳುಕು ಚಿಕ್ಕದಿರುವಾಗಲೇ ತುಂಬಿಸಿಬಿಡಿ. ಹಾಗೆಯೇ, ಸುಮಾರು 6ನೇ ವರ್ಷದಲ್ಲಿ ಯಾವ ಹಲ್ಲೂ ಬೀಳದೆ ಎಲ್ಲಕ್ಕಿಂತ ಹಿಂದೆ ಮೂಡುವ ದವಡೆ ಹಲ್ಲನ್ನು ಅನೇಕ ಪೋಷಕರು ಹಾಲುಹಲ್ಲೆಂದೇ ಭಾವಿಸುತ್ತಾರೆ. ಅದು ಶಾಶ್ವತ ಹಲ್ಲು, ಅದರ ಜಾಗಕ್ಕೆ ಮತ್ತೊಂದು ಬರುವುದಿಲ್ಲ. ಈ ಬಾರಿ ತೋರಿಸಲು ಹೋದಾಗ ಅದು ಮೂಡುತ್ತಿದೆಯೇ ಎಂದೂ ಕೇಳಿಕೊಳ್ಳಿ.